ಔರಾದಿಗೆ ಯಾರ ಮಗಳು ಹೋಗಬೇಕು?



ಮಗನಿಗೋ ಮಗಳಿಗೋ ವೈದ್ಯಕೀಯ ಸೀಟು ಸಿಕ್ಕಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಕೃತಜ್ಞತಾ ಬಲಿಪೂಜೆ ನಡೆಯುತ್ತದೆ. ಪ್ರಕಟಣೆಯ ವೇಳೆ ಗುರುಗಳು ಹೆಸರು ಹೇಳುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಹೊರಗೆ ಬಂದ ಮೇಲೆ ಪೇಡೆ ಹಂಚಲಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಹೆತ್ತವರ ಬೆವರಿಗೂ ಮಕ್ಕಳ ನಿದ್ದೆಗೆಟ್ಟ ಓದಿಗೂ ದೇವರಿಗೆ ವಂದನೆ ಸಲ್ಲಲೇಬೇಕು. ಆದರೆ ಐದೂವರೆ ವರ್ಷ ಕಳೆದು ಓದು ಮುಗಿಸಿದ ಅದೇ ಮಗಳಿಗೆ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೇಮಕವಾಯಿತೆನ್ನಿ. ಆಗಲೂ ಕೃತಜ್ಞತಾ ಬಲಿಪೂಜೆ ಹೇಳಿಸುತ್ತೇವೆಯೇ? ಅಥವಾ ಆ ಆದೇಶ ಹೇಗಾದರೂ ರದ್ದಾಗಲೆಂದು ಸಂತ ಅಂತೋನಿಯವರಿಗೆ ನವೇನ ಆರಂಭಿಸುತ್ತೇವೆಯೇ?

ಯಾರನ್ನೂ ಚುಚ್ಚಲೆಂದು ಈ ಪ್ರಶ್ನೆ ಕೇಳುತ್ತಿಲ್ಲ. ಹಳ್ಳಿಗಳಲ್ಲಿ ವೈದ್ಯರಿಲ್ಲ ಎಂಬ ದೂರು ಹಳೆಯದು. ಅದನ್ನು ಕೇಳಿದಾಗಲೆಲ್ಲ ನಾವು ಸರ್ಕಾರವನ್ನು ಬೈಯುತ್ತೇವೆ, ಇಲ್ಲವೇ ಈಗಿನ ಹುಡುಗರಿಗೆ ಸೇವಾಭಾವವಿಲ್ಲವೆಂದು ನಿಟ್ಟುಸಿರು ಬಿಡುತ್ತೇವೆ. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ವೈದ್ಯನಾಗುವ ಮಗು ಬೆಳೆಯುವುದು ಒಂದು ಮನೆಯಲ್ಲಿ. ಅದು ಎಲ್ಲಿ ದುಡಿಯಬೇಕು, ಎಲ್ಲಿ ದುಡಿಯಬಾರದು ಎಂಬ ಪಾಠವೂ ಮೊದಲು ನಡೆಯುವುದು ಆ ಮನೆಯ ಊಟದ ಮೇಜಿನ ಸುತ್ತಲೇ. ಆದ್ದರಿಂದ ಈ ವಿಷಯ ಕುಟುಂಬದ ಪುಟದಲ್ಲಿ ಬರುವುದು ಸರಿಯೆಂದು ನನಗೆ ತೋರುತ್ತದೆ.

ಮೊದಲು ಆ ಊರುಗಳನ್ನು ಸ್ವಲ್ಪ ತಿಳಿಯೋಣ. ಬೀದರ್ ನಮ್ಮ ರಾಜ್ಯದ ಉತ್ತರದ ತುತ್ತತುದಿ. ಭಾಷಣಗಳಲ್ಲಿ ಅದನ್ನು ಕರ್ನಾಟಕದ ಕಿರೀಟವೆಂದು ಕರೆಯುವುದುಂಟು. ಕಿರೀಟವನ್ನು ಉತ್ಸವದ ದಿನ ತಲೆಗೇರಿಸಿ ಉಳಿದ ದಿನಗಳಲ್ಲಿ ಪೆಟ್ಟಿಗೆಯಲ್ಲಿಡುವ ವಾಡಿಕೆಯೂ ಇದೆಯಲ್ಲ! ಬೆಂಗಳೂರಿನಿಂದ ಬೀದರಿಗೆ ಸುಮಾರು 700 ಕಿಲೋಮೀಟರ್. ಹೈದರಾಬಾದಿನಿಂದ ಅದರ ಐದನೆಯ ಒಂದು ಭಾಗ. ಬೀದರ್ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಒಂದು ಕಡೆ ಭಾಲ್ಕಿ, ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಇನ್ನೊಂದು ಕಡೆ ಔರಾದ್. ಭಾಲ್ಕಿಗೆ ರೈಲಿದೆ, ಔರಾದ್ ಪಟ್ಟಣಕ್ಕಿಲ್ಲ. ಔರಾದಿನ ಗಡಿ ಒಂದೆಡೆ ಮಹಾರಾಷ್ಟ್ರಕ್ಕೆ, ಇನ್ನೊಂದೆಡೆ ತೆಲಂಗಾಣಕ್ಕೆ ತಾಗುತ್ತದೆ. ಅಲ್ಲಿಯ ಸಂತೆಯಲ್ಲಿ ನಿಂತರೆ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಎಲ್ಲವೂ ಕಿವಿಗೆ ಬೀಳುತ್ತವೆ. ತೊಗರಿ, ಉದ್ದು, ಸೋಯಾ ಬೆಳೆಯುವ ಮಳೆಯಾಶ್ರಿತ ಭೂಮಿ ಅದು. ಕಾಯಿಲೆ ಗಟ್ಟಿಯಾದರೆ ಅಲ್ಲಿಯ ಜನ ಉದಗೀರಿಗೆ, ಲಾತೂರಿಗೆ ಅಥವಾ ಹೈದರಾಬಾದಿಗೆ ಹೊರಡುತ್ತಾರೆ. ರಾಜಧಾನಿ ಬೆಂಗಳೂರು ಅವರ ನೆನಪಿಗೆ ಬರುವುದು ಕಡಿಮೆ.

ಇಂಥ ಊರಿನ ಹೆಸರನ್ನು ವೈದ್ಯರ ಅಭಾವದೊಂದಿಗೆ ಸೇರಿಸಿ ಹೇಳುವಾಗ ಒಂದು ಹಳೆಯ ಸಂಗತಿ ನನ್ನನ್ನು ಕಾಡುತ್ತದೆ. ಬೀದರ್ ಒಂದು ಕಾಲದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಗಿತ್ತು. 1436ರಿಂದ 1458ರವರೆಗೆ ಆಳಿದ ಎರಡನೇ ಅಲಾವುದ್ದೀನ್ ಅಹ್ಮದ್ ಷಾ ಅಲ್ಲಿ ಒಂದು ದೊಡ್ಡ ಆಸ್ಪತ್ರೆ ಕಟ್ಟಿಸಿದನೆಂದೂ, ರೋಗಿಗಳ ಔಷಧಿಗೂ ಆಹಾರಕ್ಕೂ ಕೆಲವು ಹಳ್ಳಿಗಳನ್ನು ಉಂಬಳಿಯಾಗಿ ಬಿಟ್ಟನೆಂದೂ, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ಜೊತೆಯಾಗಿ ನೇಮಿಸಿದನೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಮೆಚ್ಚಬೇಕಾದ ಕೆಲಸವೇ ಸರಿ. ಆದರೆ ಇನ್ನೊಮ್ಮೆ ಓದಿ ನೋಡಿ. ಆಸ್ಪತ್ರೆ ರಾಜಧಾನಿಯಲ್ಲಿ, ಅದಕ್ಕೆ ಕಂದಾಯ ಹಳ್ಳಿಗಳಿಂದ. ಆ ಹಳ್ಳಿಗಳ ರೈತ ಜ್ವರ ಬಂದು ಮಲಗಿದಾಗ ಹಕೀಮನೊಬ್ಬ ಕುದುರೆ ಏರಿ ಅವನ ಗುಡಿಸಲಿಗೆ ಹೋದನೆಂದು ಫೆರಿಷ್ತಾ ಬರೆದಿದ್ದಾನೆಯೇ? ಇಲ್ಲ. ಹಳ್ಳಿ ಕೊಡುವುದು, ಪಟ್ಟಣ ಗುಣವಾಗುವುದು ಎಂಬ ಈ ಏರ್ಪಾಡಿಗೆ ಆರುನೂರು ವರ್ಷದ ವಯಸ್ಸಾಯಿತು. ಸುಲ್ತಾನರು ಹೋದರು, ನಿಜಾಮರು ಬಂದರು, ನಿಜಾಮರೂ ಹೋದರು. ಏರ್ಪಾಡು ಮಾತ್ರ ಉಳಿದುಕೊಂಡಿತು.

ಬ್ರಿಟಿಷರ ಆಳ್ವಿಕೆಯ ಕೊನೆಯಲ್ಲಿ, 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ದೇಶದ ವೈದ್ಯರನ್ನು ಎಣಿಸಿತು. ನೋಂದಾಯಿತರು 47,524 ಮಂದಿ. ಅವರಲ್ಲಿ ಪದವೀಧರರು 17,654. ಉಳಿದ 29,870 ಮಂದಿ ಕಡಿಮೆ ಅವಧಿಯ ತರಬೇತಿ ಪಡೆದ ಲೈಸೆನ್ಷಿಯೇಟರು. ಹೆಚ್ಚಿನವರೆಲ್ಲ ಪಟ್ಟಣಗಳಲ್ಲೇ ಇದ್ದರು. ಇನ್ನು ಮುಂದೆ ಒಂದೇ ಬಗೆಯ, ಪೂರ್ಣ ಪದವಿಯ ವೈದ್ಯರು ಸಾಕೆಂದು ಸಮಿತಿ ಬಯಸಿತು. ಕೆಲವು ಸದಸ್ಯರು ಅದಕ್ಕೆ ಭಿನ್ನಮತ ಬರೆದರು. ಬಡವನಿಗೆ ಎರಡನೆಯ ದರ್ಜೆಯ ವೈದ್ಯ ಏಕೆ ಎಂಬ ಸಮಿತಿಯ ಮಾತು ಉದಾತ್ತವಾದದ್ದು. ಆದರೆ ಬಡವನ ಊರಿಗೆ ಮೊದಲನೆಯ ದರ್ಜೆಯವನು ಬರಲಿಲ್ಲ, ಎರಡನೆಯ ದರ್ಜೆಯವನ ತರಬೇತಿ ನಿಂತುಹೋಯಿತು. ಆ ಜಾಗವನ್ನು ಯಾವ ದರ್ಜೆಗೂ ಸೇರದವರು ತುಂಬಿದರು. ನನ್ನ ಎಣಿಕೆಯಲ್ಲಿ ಭಿನ್ನಮತ ಬರೆದವರು ಹಳ್ಳಿಯನ್ನು ಸ್ವಲ್ಪ ಹತ್ತಿರದಿಂದ ಕಂಡವರು.

ಬೀದರಿಗೆ ಇನ್ನೊಂದು ಪೆಟ್ಟೂ ಬಿತ್ತು. 1948ರವರೆಗೆ ಅದು ಹೈದರಾಬಾದ್ ಸಂಸ್ಥಾನದಲ್ಲಿತ್ತು. ವೈದ್ಯಕೀಯ ಶಾಲೆ, ದೊಡ್ಡಾಸ್ಪತ್ರೆ ಎಲ್ಲವೂ ಹೈದರಾಬಾದಿನಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಉದಗೀರ್ ಒಂದು ರಾಜ್ಯಕ್ಕೆ, ನಾರಾಯಣಖೇಡ್ ಇನ್ನೊಂದಕ್ಕೆ, ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಸೇರಿದವು. ಭಾಷೆಯ ದೃಷ್ಟಿಯಿಂದ ನ್ಯಾಯವಾಯಿತು. ಆದರೆ ಹತ್ತಿರದ ರಾಜಧಾನಿ ಪರರಾಜ್ಯದ್ದಾಯಿತು, ತನ್ನ ರಾಜಧಾನಿ ಎರಡು ಹಗಲಿನ ದಾರಿಯಾಯಿತು. ಆ ಭಾಗದ ಮೊದಲ ವೈದ್ಯಕೀಯ ಕಾಲೇಜು ಗುಲ್ಬರ್ಗದಲ್ಲಿ ಆರಂಭವಾದದ್ದು 1963ರಲ್ಲಿ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅದರಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೇಳಿತು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಔರಾದ್, ಭಾಲ್ಕಿ ಎರಡೂ ಆ ಪಟ್ಟಿಯಲ್ಲಿದ್ದವು. ಬೀದರ್ ನಗರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದು ಇನ್ನೂ ಎರಡು ದಶಕವಾಗುತ್ತಿದೆಯಷ್ಟೆ. ಅಂದಹಾಗೆ ನಮ್ಮ ಗುಲ್ಬರ್ಗ ಧರ್ಮಪ್ರಾಂತ ಸ್ಥಾಪನೆಯಾದದ್ದೂ 2005ರಲ್ಲಿ. ಆ ಭಾಗವನ್ನು ತಡವಾಗಿ ನೆನಪಿಸಿಕೊಂಡವರು ಸರ್ಕಾರದವರು ಮಾತ್ರವಲ್ಲ.

ಇಂದು ಭಾಲ್ಕಿಯಲ್ಲೂ ಔರಾದಿನಲ್ಲೂ ತಾಲ್ಲೂಕು ಆಸ್ಪತ್ರೆಗಳಿವೆ, ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, 2008ರ ನವೆಂಬರಿನಿಂದ 108 ವಾಹನ ಓಡುತ್ತಿದೆ. ಹಾಗಾದರೆ ಕೊರತೆ ಎಲ್ಲಿ ಎಂದು ನೀವು ಕೇಳಬಹುದು. ಕೊರತೆಯನ್ನು ಕಟ್ಟಡದಲ್ಲಿ ಹುಡುಕಬಾರದು, ರಾತ್ರಿಯಲ್ಲಿ ಹುಡುಕಬೇಕು. ಒಬ್ಬ ಗರ್ಭಿಣಿಗೆ ನಡುರಾತ್ರಿ ಹೆರಿಗೆ ಕಷ್ಟವಾಗಿ ಶಸ್ತ್ರಚಿಕಿತ್ಸೆ ಬೇಕಾಯಿತೆನ್ನಿ. ಅದಕ್ಕೆ ಪ್ರಸೂತಿ ತಜ್ಞರು ಬೇಕು, ಅರಿವಳಿಕೆ ಕೊಡುವವರು ಬೇಕು, ಮಗುವನ್ನು ನೋಡಿಕೊಳ್ಳುವವರು ಬೇಕು, ರಕ್ತ ಬೇಕು. ಈ ನಾಲ್ಕರಲ್ಲಿ ಮೂರಿದ್ದು ಒಂದು ಇಲ್ಲವಾದರೂ ಮೂರೂ ಇಲ್ಲದಂತೆಯೇ. ಅರಿವಳಿಕೆ ತಜ್ಞರು ರಜೆಯಲ್ಲಿದ್ದರೆ ಪ್ರಸೂತಿ ತಜ್ಞರು ಒಂದು ಚೀಟಿ ಬರೆಯುತ್ತಾರೆ: ಬೀದರಿಗೆ ಕರೆದೊಯ್ಯಿರಿ. ಮಾಂಜ್ರಾ ನದಿಯ ಆ ಬದಿಯ ಹಳ್ಳಿಯಿಂದ ತಾಲ್ಲೂಕಿಗೆ ಒಂದು ಪಯಣ, ಅಲ್ಲಿಂದ ಜಿಲ್ಲೆಗೆ ಇನ್ನೊಂದು, ಕೆಲವರಿಗೆ ಹೈದರಾಬಾದಿಗೆ ಮತ್ತೊಂದು. ರಕ್ತಸ್ರಾವವಾಗುತ್ತಿರುವ ತಾಯಿಯ ಪಾಲಿಗೆ ಗಂಟೆಗಳೆಂದರೆ ಪ್ರಾಣವೇ. 2021-22ರ ಕೇಂದ್ರ ಸರ್ಕಾರದ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಐವರಿಗೆ ಸುಮಾರು ನಾಲ್ವರ ಕೊರತೆಯಿತ್ತು. ಇದು ಬೀದರಿನೊಂದರ ಕಥೆಯಲ್ಲ.

ಹೀಗೆ ಅಲೆಯುವ ಮನೆಯವರು ವಾಹನಕ್ಕೆ, ಪರಊರಿನ ಊಟಕ್ಕೆ, ಖಾಸಗಿ ಆಸ್ಪತ್ರೆಯ ಮುಂಗಡಕ್ಕೆ ಸಾಲ ಮಾಡುತ್ತಾರೆ. ಎಮ್ಮೆ ಮಾರುತ್ತಾರೆ, ತಾಳಿಯ ಗುಂಡು ಅಡವಿಡುತ್ತಾರೆ. ಜ್ವರಕ್ಕೆ ಸೂಜಿ ಚುಚ್ಚುವ, ಪದವಿಯಿಲ್ಲದ 'ಡಾಕ್ಟರ'ನನ್ನು ನಾವು ನಗರದಲ್ಲಿ ಕುಳಿತು ಹೀಗಳೆಯುತ್ತೇವೆ. ಅವನಿಂದ ಆಗುವ ಹಾನಿ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೂ ರಾತ್ರಿ ಹನ್ನೆರಡಕ್ಕೆ ಬಾಗಿಲು ಬಡಿದರೆ ತೆರೆಯುವವನು ಅವನೊಬ್ಬನೇ ಎಂಬುದನ್ನು ಮರೆಯಬಾರದು.

ಈಗ ಪ್ರಶ್ನೆಗೆ ಬರೋಣ. ಹಳ್ಳಿಗೆ ಹೋಗಲೊಲ್ಲದ ವೈದ್ಯ ಪಾಪ ಮಾಡುತ್ತಾನೆಯೇ?

ಪವಿತ್ರ ಬೈಬಲ್ ವೈದ್ಯರ ಬಗ್ಗೆ ಗೌರವದಿಂದಲೇ ಮಾತಾಡುತ್ತದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ತೆಗೆದು ನೋಡಿ. ವೈದ್ಯನನ್ನು ಸೃಷ್ಟಿಸಿದವನೂ, ಭೂಮಿಯಿಂದ ಔಷಧಿ ಹುಟ್ಟಿಸಿದವನೂ ದೇವರೇ ಎಂಬುದು ಅಲ್ಲಿಯ ಬೋಧನೆ. ಆದರೆ ಶುಭಸಂದೇಶದಲ್ಲಿ ಇನ್ನೊಂದು ಮುಖವೂ ಇದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಣ್ಣುಮಗಳೊಬ್ಬಳು ಅನೇಕ ವೈದ್ಯರ ಬಳಿ ಅಲೆದು, ಇದ್ದದ್ದನ್ನೆಲ್ಲ ಕಳೆದುಕೊಂಡು, ಕೊನೆಗೆ ರೋಗವೂ ಉಲ್ಬಣಿಸಿತೆಂದು ಸಂತ ಮಾರ್ಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅದೇ ಘಟನೆಯನ್ನು ಸಂತ ಲೂಕ ಹೇಳುವಾಗ ಮಾತು ಬಹಳ ಮೃದುವಾಗುತ್ತದೆ, ರೋಗ ಉಲ್ಬಣಿಸಿದ ಸಂಗತಿ ಬಿಟ್ಟೇ ಹೋಗುತ್ತದೆ. ಸಂಪ್ರದಾಯದ ಪ್ರಕಾರ ಲೂಕ ಸ್ವತಃ ವೈದ್ಯ. ವೃತ್ತಿಬಾಂಧವರ ಮಾನ ಕಾಪಾಡಿದನೆಂದು ಕೆಲವು ವ್ಯಾಖ್ಯಾನಕಾರರು ನಗೆಯಾಡುವುದುಂಟು! ಮಾರ್ಕನು ಚಿತ್ರಿಸಿದ ಆ ಹೆಂಗಸು ನಮಗೆ ಅಪರಿಚಿತಳಲ್ಲ. ಔರಾದಿನಿಂದ ಉದಗೀರಿಗೆ, ಉದಗೀರಿನಿಂದ ಹೈದರಾಬಾದಿಗೆ ಹೋಗುವ ಬಸ್ಸಿನಲ್ಲಿ ಅವಳು ಇವತ್ತಿಗೂ ಕುಳಿತಿರುತ್ತಾಳೆ.

ಕಲಿತ ವಿದ್ಯೆ ಯಾರದು? ನಾನು ಓದಿದೆ, ನಾನು ಪಾಸಾದೆ, ನನ್ನ ಅಪ್ಪ ಹಣ ಕೊಟ್ಟರು, ಆದ್ದರಿಂದ ಅದು ನನ್ನದು ಎಂಬುದು ಸಾಮಾನ್ಯ ಉತ್ತರ. ಜಗದ್ಗುರು ಎರಡನೇ ಜಾನ್ ಪಾಲರು 1987ರ ತಮ್ಮ ವಿಶ್ವಪತ್ರದಲ್ಲಿ ಖಾಸಗಿ ಆಸ್ತಿಯ ಮೇಲೆ ಸಮಾಜದ ಅಡಮಾನವೊಂದಿದೆ ಎಂಬ ವಿಚಾರ ಹೇಳಿದರು. 1991ರ ಇನ್ನೊಂದು ವಿಶ್ವಪತ್ರದಲ್ಲಿ, ನಮ್ಮ ಕಾಲದಲ್ಲಿ ಭೂಮಿಯಷ್ಟೇ ಆಸ್ತಿಯಲ್ಲ, ಜ್ಞಾನ ಮತ್ತು ಕೌಶಲವೂ ಒಂದು ಬಗೆಯ ಒಡೆತನ ಎಂದು ವಿವರಿಸಿದರು. ಎರಡನ್ನೂ ಜೋಡಿಸಿ ನೋಡಿ. ಭಾಲ್ಕಿಯ ರೈತನಿಗೆ ಅಡವು ಎಂದರೇನೆಂದು ಯಾರೂ ಪಾಠ ಹೇಳಬೇಕಿಲ್ಲ. ಹೊಲ ಅವನ ಹೆಸರಿನಲ್ಲೇ ಇರುತ್ತದೆ, ಉಳುವವನೂ ಅವನೇ. ಆದರೆ ಬೆಳೆಯ ಮೇಲೆ ಇನ್ನೊಬ್ಬರ ಹಕ್ಕಿರುತ್ತದೆ. ವೈದ್ಯನ ವಿದ್ಯೆ ಹಾಗೆ ಅಡವಿಟ್ಟ ಹೊಲ.

ಸಾಲ ಕೊಟ್ಟವರು ಯಾರೆಂದು ಕೇಳುವಿರಾ? ಸರ್ಕಾರಿ ಕಾಲೇಜಿನಲ್ಲಿ ಓದಿದವರ ಲೆಕ್ಕ ಸುಲಭ. ಬೆಂಕಿಪೊಟ್ಟಣಕ್ಕೂ ತೆರಿಗೆ ತೆರುವವರ ಹಣ ಅದು. ಖಾಸಗಿ ಕಾಲೇಜಿನಲ್ಲಿ ದುಬಾರಿ ಶುಲ್ಕ ಕಟ್ಟಿದವರು ತಮಗೆ ಯಾರ ಹಂಗೂ ಇಲ್ಲವೆನ್ನಬಹುದು. ಆದರೆ ಅವರು ಸೂಜಿ ಹಾಕಲು, ಹೊಲಿಗೆ ಹಾಕಲು, ಹೆರಿಗೆ ಮಾಡಿಸಲು ಕಲಿತದ್ದು ಯಾರ ಮೈಮೇಲೆ? ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ, ಹತ್ತು ವಿದ್ಯಾರ್ಥಿಗಳು ಸುತ್ತ ನಿಂತು ಹೊಟ್ಟೆ ಒತ್ತಿ ನೋಡುವಾಗ ತುಟಿ ಕಚ್ಚಿಕೊಂಡು ಮಲಗಿದ ಬಡವರ ಮೈಮೇಲೆ. ಶ್ರೀಮಂತರು ಅಲ್ಲಿ ಮಲಗುವುದಿಲ್ಲ. ಶುಲ್ಕದ ರಸೀದಿಯಲ್ಲಿ ಈ ಬಾಬತ್ತು ಬರೆದಿರುವುದಿಲ್ಲ, ಆದ್ದರಿಂದ ಅದು ಸಂದಾಯವೂ ಆಗಿರುವುದಿಲ್ಲ.

ಇಲ್ಲಿ ಒಂದು ವಿವೇಕ ಬೇಕು. ನ್ಯಾಯಕ್ಕೂ ಪ್ರೀತಿಗೂ ನಮ್ಮ ಧರ್ಮಸಭೆಯ ಬೋಧನೆ ವ್ಯತ್ಯಾಸ ಮಾಡುತ್ತದೆ. ಸಾಲ ತೀರಿಸುವುದು ನ್ಯಾಯ. ಅದು ಎಲ್ಲರಿಗೂ ಕಡ್ಡಾಯ. ಇದ್ದದ್ದನ್ನೆಲ್ಲ ಮಾರಿ ಹಿಂಬಾಲಿಸುವುದು ಪ್ರೀತಿಯ ಪೂರ್ಣತೆ. ಯೇಸುಸ್ವಾಮಿ ಅದನ್ನು ಆ ಶ್ರೀಮಂತ ಯುವಕನ ಮುಂದೆ ಆಹ್ವಾನವಾಗಿ ಇಟ್ಟರು, ಅವನು ದುಃಖದಿಂದ ಹೊರಟಾಗ ಬಲವಂತವಾಗಿ ಹಿಡಿದು ನಿಲ್ಲಿಸಲಿಲ್ಲ. ಬದುಕಿನ ಕೆಲವು ವರ್ಷಗಳನ್ನು ವೈದ್ಯರಿಲ್ಲದ ಊರಿಗೆ ಕೊಡುವುದು ನನ್ನ ದೃಷ್ಟಿಯಲ್ಲಿ ಮೊದಲನೆಯ ಗುಂಪಿಗೆ ಸೇರಿದ್ದು. ಜೀವನವಿಡೀ ಅಲ್ಲೇ ನೆಲೆಸುವುದು ಎರಡನೆಯದಕ್ಕೆ. ಎರಡನ್ನೂ ಕಲಸಿಬಿಟ್ಟದ್ದರಿಂದ ನಮಗೆ ಒಂದು ಅನುಕೂಲವಾಗಿದೆ. ಹಳ್ಳಿಗೆ ಹೋಗುವುದೆಂದರೆ ಸಂತರ ಕೆಲಸ, ನಾವು ಸಂತರಲ್ಲ, ಆದ್ದರಿಂದ ಹೋಗಬೇಕಿಲ್ಲ ಎಂದು ಕೈ ತೊಳೆದುಕೊಳ್ಳಬಹುದು.

ಕರ್ನಾಟಕ ಸರ್ಕಾರ ಈ ನ್ಯಾಯದ ಭಾಗವನ್ನು ಕಾಯ್ದೆಯಲ್ಲೇ ತರಲು ಯತ್ನಿಸಿತು. ವೈದ್ಯಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸೇವೆ ಮಾಡಬೇಕೆಂಬ 2012ರ ಕಾಯ್ದೆ 2015ರಲ್ಲಿ ಜಾರಿಗೆ ಬಂತು. ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ನಂತರದ ವರ್ಷಗಳಲ್ಲಿ ನಿಯಮ ಸಡಿಲವಾಯಿತು. ಬಲವಂತದಿಂದ ಬಂದವನು ಬಾಡಿಗೆಗೆ ತಂದ ಎತ್ತಿನಂತೆ, ಸಂಜೆಯಾಗುವುದನ್ನೇ ಕಾಯುತ್ತಾನೆ ಎಂಬ ಟೀಕೆಯಿದೆ. ಇರಬಹುದು. ಆದರೆ ನಡುರಾತ್ರಿ ರಕ್ತ ಸೋರುತ್ತಿರುವವಳಿಗೆ ಮನಸ್ಸಿಲ್ಲದೆ ಬಂದ ವೈದ್ಯನೂ ವೈದ್ಯನೇ.

ವೈದ್ಯರ ಪರವಾಗಿಯೂ ಹೇಳಬೇಕಾದದ್ದು ಬಹಳವಿದೆ. ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ಇಪ್ಪತ್ತನಾಲ್ಕು ವರ್ಷದ ಒಬ್ಬಳು ಹುಡುಗಿ, ಮಂಗಳೂರಿನವಳೋ ಮೈಸೂರಿನವಳೋ, ಭಾಷೆ ಪೂರ್ತಿ ತಿಳಿಯದ ಹಳ್ಳಿಯಲ್ಲಿ ಒಬ್ಬಳೇ. ವಸತಿಗೃಹದ ಬಾಗಿಲಿಗೆ ಸರಿಯಾದ ಚಿಲಕವಿಲ್ಲ. ಹಾವು ಕಚ್ಚಿದವನನ್ನು ಹೊತ್ತು ತಂದಾಗ ವಿಷಹಾರಿ ಮದ್ದು ಮುಗಿದಿದ್ದರೆ ಬೈಗುಳ ಅವಳಿಗೆ, ಮದ್ದು ಕಳಿಸಬೇಕಾದ ಕಚೇರಿಗಲ್ಲ. ಕೈಮೀರಿದ ರೋಗಿ ಸತ್ತರೆ ಕುರ್ಚಿ ಮುರಿಯುವವರು, ಕೈ ಎತ್ತುವವರು ಬರುತ್ತಾರೆ. ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ರಾಜ್ಯದಲ್ಲಿ ಕಾಯ್ದೆ ಮಾಡಬೇಕಾಗಿ ಬಂತೆಂದರೆ ನೀವೇ ಊಹಿಸಿ. ಮದುವೆಯಾದವರಾದರೆ ಪತಿಗೆ ಅಲ್ಲಿ ಕೆಲಸವಿಲ್ಲ, ಮಗುವಿಗೆ ಶಾಲೆಯ ಚಿಂತೆ. ಎಲ್ಲಕ್ಕಿಂತ ಹೆಚ್ಚಾಗಿ ಒಂಟಿತನ: ಸಂಶಯ ಬಂದಾಗ ಕೇಳಲು ಪಕ್ಕದಲ್ಲಿ ಹಿರಿಯ ವೈದ್ಯರಿಲ್ಲ, ಭಾನುವಾರ ಬಲಿಪೂಜೆಗೆ ಹೋಗಬೇಕೆಂದರೂ ಬಸ್ಸು ಹಿಡಿಯಬೇಕು. ಇಷ್ಟನ್ನೂ ಸಹಿಸೆಂದು ಅವಳಿಗೆ ಹೇಳುವ ಹಕ್ಕು, ಅವಳಿಗಾಗಿ ಏನನ್ನೂ ಮಾಡದ ನಮಗೆ ಎಲ್ಲಿಂದ ಬಂತು?

ನಮ್ಮ ಧರ್ಮಸಭೆ ಈ ಕೆಲಸದಲ್ಲಿ ಹಿಂದೆ ಬಿದ್ದಿತ್ತೆಂದು ಯಾರೂ ಹೇಳಲಾರರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಾಲಯ ತೆರೆದರು, ಹತ್ತು ವರ್ಷದ ಬಳಿಕ ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟರು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೋರಿ ಧರ್ಮಭಗಿನಿಯಾಗಲು 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದರು. ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸಲು ಆಗ ಧರ್ಮಸಭೆಯ ನಿಯಮಗಳು ಅಡ್ಡವಿದ್ದವು. ಅವರು ರೋಮಿನಿಂದ ವಿಶೇಷ ಅನುಮತಿ ಪಡೆಯಬೇಕಾಯಿತು. ಎಲ್ಲ ಧರ್ಮಭಗಿನಿಯರಿಗೂ ಪ್ರಸೂತಿ ಸೇವೆಯ ದಾರಿ ತೆರೆದದ್ದು 1936ರಲ್ಲಿ. ಹೆರಿಗೆಮನೆಯಲ್ಲಿ ತಾಯಂದಿರು ಸಾಯುತ್ತಿದ್ದಾಗ ನಿಯಮಪುಸ್ತಕ ಅಷ್ಟು ನಿಧಾನವಾಗಿ ಮಗುಚಿತೆಂಬುದನ್ನು ನಾವು ನೆನಪಿಟ್ಟುಕೊಳ್ಳಬೇಕು. 1943ರಲ್ಲಿ ಅವರು ಕಥೋಲಿಕ ಆಸ್ಪತ್ರೆಗಳ ಸಂಘ ಕಟ್ಟಿದರು. 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಹಂಬಲಿಸಿದ ಕಥೋಲಿಕ ವೈದ್ಯಕೀಯ ಕಾಲೇಜು 1963ರಲ್ಲಿ ಅದೇ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಹೆಸರಿನಲ್ಲಿ ಆರಂಭವಾಯಿತು. ಅಲ್ಲಿ ಓದಿದವರು ಎರಡು ವರ್ಷ ವೈದ್ಯರಿಲ್ಲದ ಕಡೆ ದುಡಿಯಬೇಕೆಂಬ ಕರಾರು ಇದೆ. ಬೀದರಿನಲ್ಲಂತೂ ನಮಗಿಂತ ಬಹಳ ಮುಂಚೆ ಹೋಗಿ ಆಸ್ಪತ್ರೆ ಕಟ್ಟಿದವರು ಮೆಥೊಡಿಸ್ಟ್ ಸಹೋದರರು. ಅದನ್ನು ನಾವು ಸಂತೋಷದಿಂದಲೇ ಒಪ್ಪಿಕೊಳ್ಳಬೇಕು.

ಆದರೆ ಈ ಹೆಮ್ಮೆಯ ಪಟ್ಟಿಯಲ್ಲಿ ಒಂದು ವಿಷಯ ಗಮನಿಸಿದಿರಾ? ಹೋದವರೆಲ್ಲ ಹೆಚ್ಚಾಗಿ ಗುರುಗಳು, ಕನ್ಯಾಸ್ತ್ರೀಯರು, ವಿದೇಶದಿಂದ ಬಂದವರು. ಕಷ್ಟದ ಊರು ಎಂದ ಕೂಡಲೇ ನಮಗೆ ಸಿಸ್ಟರುಗಳ ನೆನಪಾಗುತ್ತದೆ. ಅವರು ಹೋಗಲಿ, ಅವರಿಗೆ ಮನೆಮಠವಿಲ್ಲವಲ್ಲ ಎಂದು ಎಷ್ಟು ಸಲೀಸಾಗಿ ಹೇಳುತ್ತೇವೆ! ಅವರೂ ಯಾರದೋ ಮನೆಯ ಮಗಳೇ ಎಂಬುದು ನಮಗೆ ಮರೆತುಹೋಗಿದೆ. ಈಗ ಮಠಗಳಿಗೆ ಸೇರುವವರು ಕಡಿಮೆಯಾಗುತ್ತಿದ್ದಾರೆ. ಮನೆಗೊಂದೋ ಎರಡೋ ಮಕ್ಕಳು. ಸಿಸ್ಟರುಗಳ ಬೆನ್ನಿಗೆ ಕಟ್ಟಿದ್ದ ಹೊರೆ ಇನ್ನು ನಮ್ಮ ಅಂಗಳದಲ್ಲೇ ಇಳಿಯುತ್ತದೆ. ಪಾಸ್ಕದ ನಾಲ್ಕನೆಯ ಭಾನುವಾರ ದೈವಕರೆಗಳಿಗಾಗಿ ನಾವು ಪ್ರಾರ್ಥಿಸುವ ಪದ್ಧತಿ 1964ರಿಂದ ಇದೆ. ಮದುವೆಯಾಗಿ ಮಕ್ಕಳೊಂದಿಗೆ ಭಾಲ್ಕಿಯಲ್ಲಿ ಮನೆ ಮಾಡುವ ಒಬ್ಬ ಅರಿವಳಿಕೆ ತಜ್ಞನಿಗಾಗಿ ಆ ದಿನ ಯಾವ ಧರ್ಮಕೇಂದ್ರದಲ್ಲಾದರೂ ಪ್ರಾರ್ಥನೆ ಕೇಳಿದ ನೆನಪು ನಿಮಗಿದೆಯೇ? ಅದೂ ದೈವಕರೆಯಲ್ಲವೇ?

ಹೆತ್ತವರು ಕೋಪಿಸಿಕೊಳ್ಳುವುದಿಲ್ಲವೆಂದರೆ ಇನ್ನೊಂದು ಮಾತು. ಮಗು ಎಲ್ಲಿ ದುಡಿಯಬೇಕೆಂಬ ತೀರ್ಮಾನ ಅನೇಕ ಮನೆಗಳಲ್ಲಿ ಸೀಟು ಕೊಂಡ ದಿನವೇ ಆಗಿಹೋಗಿರುತ್ತದೆ. ಮನೆ ಅಡವಿಟ್ಟು, ತೋಟ ಮಾರಿ, ಬ್ಯಾಂಕಿನ ಸಾಲ ತೆಗೆದು ಓದಿಸಿದ ಮೇಲೆ ಆ ಹುಡುಗನ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಕಂತು ಕಟ್ಟಬೇಕಲ್ಲ! ಔರಾದಿನ ಸಂಬಳದಿಂದ ಆ ಕಂತು ತೀರುವುದಿಲ್ಲ. ನಾವು ಅವನಿಗೆ ಪದವಿ ಕೊಡಿಸಿದೆವು, ಅದರ ಜೊತೆಗೆ ಹಗ್ಗವನ್ನೂ ಕಟ್ಟಿದೆವು. ದೊಡ್ಡ ಶುಲ್ಕ ವಸೂಲು ಮಾಡುವ ಸಂಸ್ಥೆಗಳಲ್ಲಿ ಕ್ರೈಸ್ತ ಹೆಸರಿನವೂ ಇವೆ. ಸೇವೆಯ ಪಾಠವನ್ನು ಗೋಡೆಗೆ ಬರೆಸಿ, ಸೇವೆ ಮಾಡಲಾಗದಷ್ಟು ಸಾಲವನ್ನು ವಿದ್ಯಾರ್ಥಿಯ ತಲೆಗೆ ಹೊರಿಸುವುದು ಹೇಗೆ ಸರಿಯಾದೀತೆಂದು ನಮ್ಮ ಹಿರಿಯರು ಯೋಚಿಸಬೇಕು. ಬಡ ಮಕ್ಕಳಿಗೆ ಶುಲ್ಕ ಬಿಟ್ಟು, ಅದರ ಬದಲು ವರ್ಷಗಳನ್ನು ಕೇಳುವ ದಾರಿಯಿದೆ. ಜಪಾನಿನಲ್ಲಿ 1972ರಲ್ಲಿ ಆರಂಭವಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಹೀಗೆಯೇ ನಡೆಯುತ್ತಿದೆ. ಪ್ರತಿ ಪ್ರಾಂತದಿಂದಲೂ ಮಕ್ಕಳನ್ನು ಆರಿಸುತ್ತಾರೆ, ಶುಲ್ಕದ ಭಾರವಿಲ್ಲ, ಓದಿದ ಮೇಲೆ ಸುಮಾರು ಒಂಬತ್ತು ವರ್ಷ ತಮ್ಮದೇ ಪ್ರಾಂತದಲ್ಲಿ ಸೇವೆ.

ತಮ್ಮದೇ ಪ್ರಾಂತದಲ್ಲಿ ಎಂಬ ಮಾತಿಗೆ ಒತ್ತು ಕೊಡಬೇಕು. ಹಳ್ಳಿಯಲ್ಲಿ ಬೆಳೆದ ಮಗು ವೈದ್ಯನಾದರೆ ಹಳ್ಳಿಗೆ ಮರಳುವ ಸಂಭವ ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ತನ್ನ ಶಿಫಾರಸುಗಳ ಮುಂಚೂಣಿಯಲ್ಲಿಟ್ಟಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಆ ಭಾಗದ ಕಾಲೇಜುಗಳಲ್ಲಿ 70%, ರಾಜ್ಯದ ಉಳಿದೆಡೆ 8% ಸೀಟುಗಳು ಮೀಸಲಾಗಿವೆ. ಬಾಗಿಲು ತೆರೆದಿದೆ. ಆದರೆ ಔರಾದಿನ ಸರ್ಕಾರಿ ಶಾಲೆಯಲ್ಲಿ ಓದುವ, ಕೂಲಿಯವರ ಮಗಳು ಆ ಬಾಗಿಲ ತನಕ ನಡೆದು ಬರಬೇಕಾದರೆ ವಿಜ್ಞಾನದ ಶಿಕ್ಷಕರು ಬೇಕು, ಪ್ರವೇಶ ಪರೀಕ್ಷೆಗೆ ತಯಾರಿ ಬೇಕು, ಎರಡು ವರ್ಷ ಅವಳ ಊಟ ವಸತಿ ನೋಡಿಕೊಳ್ಳುವವರು ಬೇಕು. ಶಾಲೆ ನಡೆಸುವುದರಲ್ಲಿ ನಮ್ಮವರಿಗಿರುವ ಅನುಭವ ಇನ್ನಾರಿಗಿದೆ? ಬೀದರ್ ಸೀಮೆಯ ಒಂದು ಹೆಣ್ಣುಮಗುವಿಗೆ ಆ ಎರಡು ವರ್ಷಗಳ ವೆಚ್ಚ ಕೊಡುವುದು ಬೆಂಗಳೂರಿನ ಒಂದು ದೊಡ್ಡ ಧರ್ಮಕೇಂದ್ರಕ್ಕೆ ಹಬ್ಬದ ದೀಪಾಲಂಕಾರದ ಖರ್ಚಿಗಿಂತ ಹೆಚ್ಚಾಗಲಾರದು.

ಅವಳು ವೈದ್ಯೆಯಾಗಿ ಮರಳುವ ತನಕ ಹತ್ತು ವರ್ಷ ಕಾಯಬೇಕು. ಅಲ್ಲಿಯವರೆಗೆ? ಜೆರಿಕೋ ದಾರಿಯ ಸಮಾರಿಯದವನ ಸಾಮತಿಯನ್ನು ನೆನೆಸಿಕೊಳ್ಳಿ. ಎಲ್ಲ ಪ್ರಬೋಧನೆಗಳಲ್ಲೂ ಅವನದೇ ಗುಣಗಾನ. ಆದರೆ ಅವನು ಗಾಯಾಳುವಿನ ಬಳಿ ಇದ್ದದ್ದು ಒಂದು ರಾತ್ರಿ. ಮರುದಿನ ಎರಡು ದಿನಾರಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಬಂದಾಗ ತೀರಿಸುವೆನೆಂದು ಹೇಳಿ ಹೊರಟ. ಗಾಯ ತೊಳೆಯುತ್ತ, ಗಂಜಿ ಕುಡಿಸುತ್ತ ಉಳಿದವನು ಛತ್ರದವನು. ಹಳ್ಳಿಯ ವೈದ್ಯೆ ಆ ಛತ್ರದವನ ಸ್ಥಾನದಲ್ಲಿದ್ದಾಳೆ. ಎರಡು ನಾಣ್ಯ ಕೊಟ್ಟು ಮರಳಿ ಬರುವೆನೆಂದು ಹೇಳಿದವನ ಸ್ಥಾನ ನಮಗೆ ಉಳಿದಿದೆ. ಆದರೆ ಅವನು ಮರಳಿ ಬರುವೆನೆಂದಿದ್ದ ಎಂಬುದೇ ಇಲ್ಲಿ ಮುಖ್ಯ.

ಮರಳಿ ಬರುವುದೆಂದರೆ ಏನು? ಒಂದು ಸಣ್ಣ ಸಲಹೆಯಿದೆ, ಯಾರಾದರೂ ಇದಕ್ಕಿಂತ ಒಳ್ಳೆಯದನ್ನು ಹೇಳಿದರೆ ಕೈಬಿಡಲು ಸಿದ್ಧ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ತಜ್ಞರಿದ್ದರೆ ಅವರಿಗೆ ತಂಗಿಯ ಮದುವೆಗೆ ರಜೆ ಹಾಕಲೂ ಭಯ. ಅವರು ಊರು ಬಿಟ್ಟ ವಾರವೇ ಇಡೀ ತಾಲ್ಲೂಕಿಗೆ ಆ ವಿಭಾಗ ಮುಚ್ಚಿದಂತೆ. ವರ್ಷಗಟ್ಟಲೆ ಹೀಗೆ ಒಂಟಿಯಾಗಿ ದುಡಿದು ಬೇಸತ್ತವರು ವರ್ಗಾವಣೆ ಕೇಳುತ್ತಾರೆ. ನಮ್ಮ ಧರ್ಮಪ್ರಾಂತಗಳಲ್ಲಿ ನಿವೃತ್ತ ಕಥೋಲಿಕ ವೈದ್ಯರು ಎಷ್ಟು ಮಂದಿ ಇಲ್ಲ? ಪ್ರಸೂತಿ, ಅರಿವಳಿಕೆ, ಮಕ್ಕಳ ತಜ್ಞರು, ಇನ್ನೂ ಕೈ ನಡುಗದವರು, ಮಕ್ಕಳು ಅಮೆರಿಕದಲ್ಲಿ ನೆಲೆಸಿದ ಮೇಲೆ ಮನೆಯಲ್ಲಿ ದಿನ ಎಣಿಸುವವರು. ಅವರಲ್ಲಿ ಹನ್ನೆರಡು ಮಂದಿ ವರ್ಷಕ್ಕೆ ಹದಿನೈದು ದಿನಗಳಂತೆ ಹೊರಟರೂ ಆರು ತಿಂಗಳು ಯಾರೋ ಒಬ್ಬರು ಅಲ್ಲಿರುತ್ತಾರೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಒಪ್ಪಿಗೆ ಬೇಕು, ವೈದ್ಯಕೀಯ ಮಂಡಳಿಯ ನೋಂದಣಿ ಚಾಲ್ತಿಯಲ್ಲಿರಬೇಕು, ಇಳಿದುಕೊಳ್ಳಲು ಒಂದು ಕೋಣೆ ಬೇಕು. ಕೋಣೆಯನ್ನು ಬೀದರಿನ ನಮ್ಮ ಗುರುಗಳೋ ಸಿಸ್ಟರುಗಳೋ ಇಲ್ಲವೆನ್ನಲಾರರು.

ಬೆಂಗಳೂರಿನಿಂದ ಬೀದರಿಗೆ ರಾತ್ರಿಯ ರೈಲಿದೆ. ಅಲ್ಲಿಂದ ಔರಾದಿಗೆ ಬಸ್ಸಿನಲ್ಲಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು.